ಎಡಗೆನ್ನೆಯ ಪದರಗಳು

ಬಣ್ಣದಕ್ಕನ ಕೈಗೆ ಸಿಕ್ಕ ಮುಖ ಹನ್ನೊಂದು ನಿಮಿಷದಲ್ಲಿ ತಯಾರಾಗುತ್ತದೆ ಎನ್ನುವುದು ಆ ಟೀವಿ ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅವಳೇ ಕರೆದು ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಎತ್ತರದ ಕುರ್ಚಿ, ಕನ್ನಡಿಯ ಸುತ್ತ ಹದಿನಾಲ್ಕು ಬಲ್ಬು, ಅವುಗಳಲ್ಲಿ ಮೂರು ಯಾವಾಗಲೂ ಕೆಟ್ಟವು. ಹೊರಗೆ ಎಷ್ಟೇ ಹಾರಾಡುವ ದೊಡ್ಡ ಮನುಷ್ಯನಾದರೂ ಆ ಕುರ್ಚಿಯಲ್ಲಿ ಕೂತ ಮೇಲೆ ಅವಳು "ಗಲ್ಲ ಎತ್ತಿ" ಎಂದರೆ ಎತ್ತಬೇಕು, "ಮಾತಾಡಬೇಡಿ" ಎಂದರೆ ಬಾಯಿ ಮುಚ್ಚಬೇಕು. ಒದ್ದೆ ಸ್ಪಂಜು, ಫೌಂಡೇಶನ್, ಪೌಡರು, ಹುಬ್ಬು, ತುಟಿ, ಮುಂದಿನವರು ಬನ್ನಿ. ಅವಳದು ಒಂದೇ ನಿಯಮ: ಒಳಗೆ ಬರುವ ಮುಂಚೆ ಮುಖ ತೊಳೆದುಕೊಂಡಿರಬೇಕು. ಅದನ್ನು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಳು.

ಇಷ್ಟೆಲ್ಲ ಜಂಬ ಇದ್ದವಳ ಮರ್ಯಾದೆ ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಎಲ್ಲರೂ ನೋಡುತ್ತಿರುವಾಗಲೇ ಹೋಯಿತು.

ಅಂದು ಎರಡನೇ ಫ್ಲೋರಿನಲ್ಲಿ, ಅಂದರೆ ಕ್ಯಾಮೆರಾ, ದೀಪಗಳಿರುವ ಚಿತ್ರೀಕರಣದ ಹಜಾರದಲ್ಲಿ, ಏಳು ಗಂಟೆಯವಳಿಗೆ ಕ್ಯಾಮೆರಾ ಪರೀಕ್ಷೆ. ಆ ಸ್ಟುಡಿಯೋದಲ್ಲಿ ವಾರ್ತೆ ಓದುವವರನ್ನು ಅವರು ಓದುವ ಹೊತ್ತಿನಿಂದಲೇ ಕರೆಯುವುದು ರೂಢಿ. ಇವಳು ಒಂಬತ್ತು ವರ್ಷ ಸಂಜೆ ಏಳರ ವಾರ್ತೆ ಓದಿದವಳು. ಎಂಟು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿ, ಹಬೆ ಎಡಗೆನ್ನೆಗೆ ಹೊಡೆದು, ಕಿವಿಯಿಂದ ದವಡೆಯವರೆಗೆ ಸುಟ್ಟಿತ್ತು. ಗಾಯ ಮಾಗಿತ್ತು, ಕಲೆ ಉಳಿದಿತ್ತು. ಅಂಚಿನಲ್ಲಿ ಕಪ್ಪು, ನಡುವೆ ಗುಲಾಬಿ, ದವಡೆಯ ಹತ್ತಿರ ಬೆರಳಿಗೆ ಸಿಗುವಂಥ ಒಂದು ಉಬ್ಬು. ಆ ಎಂಟು ತಿಂಗಳಲ್ಲಿ ಏಳರ ವಾರ್ತೆಯನ್ನು ಬೇರೊಬ್ಬ ಹುಡುಗಿ ಓದುತ್ತಿದ್ದಳು. ಆದರೂ ಇವಳನ್ನು ಜನ ಏಳು ಗಂಟೆಯವಳು ಎಂದೇ ಕರೆಯುತ್ತಿದ್ದರು.

ಬಣ್ಣದಕ್ಕ ಎಂದಿನಂತೆ ಹನ್ನೊಂದು ನಿಮಿಷದಲ್ಲಿ ಕೆಲಸ ಮುಗಿಸಿದ್ದಳು. ಕನ್ನಡಿಯಲ್ಲಿ ನೋಡಿದರೆ ಕಲೆಯ ಸುಳಿವೇ ಇರಲಿಲ್ಲ. "ನೋಡಿದ್ಯಾ? ನಿಮ್ಮ ಡಾಕ್ಟ್ರಿಗೆ ಎಂಟು ತಿಂಗಳಲ್ಲಿ ಆಗದ್ದು!" ಎಂದು ಬೀಗಿದ್ದಳು. ಆಮೇಲೆ ಫ್ಲೋರಿನ ದೀಪಗಳು ಹೊತ್ತಿಕೊಂಡವು. ಮೂರು ಸುದ್ದಿಯವರೆಗೂ ಎಲ್ಲ ಸರಿಯಾಗಿತ್ತು. ನಾಲ್ಕನೆಯದಕ್ಕೆ ಅವಳು ಪಕ್ಕದ ಕ್ಯಾಮೆರಾ ಕಡೆ ತಿರುಗಿದಾಗ ಕೆನ್ನೆಯ ಮೇಲೆ ಒಂದು ಗೆರೆ ಬಿತ್ತು. ಗೆರೆ ಅಗಲವಾಯಿತು. ನೋಡನೋಡುತ್ತ ಬಣ್ಣವೆಲ್ಲ ರಬ್ಬರಿನಿಂದ ಅಳಿಸಿದ ಚೂರುಗಳ ಹಾಗೆ ಸುರುಳಿ ಸುರುಳಿಯಾಗಿ ಎದ್ದು, ಒಂದೆರಡು ಕಾಗದದ ಮೇಲೂ ಉದುರಿದವು. ಕಂಟ್ರೋಲ್ ರೂಮಿನ ಪರದೆ ಬಾಗಿಲಷ್ಟು ದೊಡ್ಡದು. ಅದರ ತುಂಬ ಆ ಕೆನ್ನೆಯೇ.

ಸುದ್ದಿ ವಿಭಾಗದ ಮುಖ್ಯಸ್ಥರು ಕೆಟ್ಟವರೇನಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಎನ್ನುವ ಜಾತಿಯವರೂ ಅಲ್ಲ. "ಶುಕ್ರವಾರ ಇನ್ನೊಂದು ಸಲ ನೋಡೋಣ. ಅವತ್ತೂ ಹೀಗೇ ಆದ್ರೆ ಧ್ವನಿ ಕೋಣೆಗೆ ಹಾಕ್ತೀನಿ. ದನಿಗೇನೂ ಆಗಿಲ್ವಲ್ಲ" ಎಂದು ಎದ್ದು ಹೋದರು.

ಧ್ವನಿ ಕೋಣೆ ಎಂದರೆ ಕಾರಿಡಾರಿನ ಕೊನೆಯಲ್ಲಿ ಸ್ಪಂಜು ಹೊದಿಸಿದ, ಕಿಟಕಿ ಇಲ್ಲದ ಒಂದು ಗೂಡು. ಅಲ್ಲಿ ಕೂತವರು ಬೇರೆಯವರ ಚಿತ್ರಗಳಿಗೆ ಮಾತು ಓದುತ್ತಾರೆ. ಅವರ ಮುಖ ಯಾರಿಗೂ ಕಾಣುವುದಿಲ್ಲ.

ಮೇಕಪ್ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದವಳ ಕೆನ್ನೆಯಿಂದ ಬಣ್ಣದಕ್ಕ ಚೂರುಗಳನ್ನು ಒರೆಸತೊಡಗಿದಳು. ತಪ್ಪು ತನ್ನದಾಗಿರಬಹುದು ಎಂಬ ಯೋಚನೆ ಅವಳ ಹತ್ತಿರ ಸುಳಿಯಲೂ ಇಲ್ಲ. "ಮುಖ ಸರಿಯಾಗಿ ತೊಳ್ಕೊಂಡು ಬಂದ್ಯಾ ನೀನು?" ಎಂದು ಗದರಿದಳು.

"ತೊಳ್ಕೊಂಡೇ ಬಂದೆ, ಅಕ್ಕ."

"ಹಾಗಾದ್ರೆ ಈ ಹೊಸ ಬಾಟ್ಲಿ ಸರಿ ಇಲ್ಲ. ಹಾಳಾದ ಕಂಪನಿಯವರು."

ಏಳು ಗಂಟೆಯವಳು ಕನ್ನಡಿಯಲ್ಲಿ ಬಣ್ಣದಕ್ಕನನ್ನೇ ನೋಡುತ್ತ ಹೇಳಿದಳು. "ಅಕ್ಕ, ನಾನು ಆ ಗೂಡಿಗೆ ಹೋಗಲ್ಲ. ಎಂಟು ತಿಂಗಳಿಂದ ಜನ ನನ್ನ ಕೆನ್ನೆ ಜೊತೆ ಮಾತಾಡ್ತಿದಾರೆ. ತರಕಾರಿಯವನು, ಪಕ್ಕದ ಮನೆಯವರು, ನಮ್ಮಮ್ಮ ಕೂಡ. ನಾನು ಏನು ಹೇಳಿದೆ ಅನ್ನೋದು ಯಾರ ಕಿವಿಗೂ ಬೀಳಲ್ಲ. ಓದೋಕೆ ಕೂತಾಗ ಜನ ನಾನು ಹೇಳಿದ್ದು ಕೇಳ್ತಿದ್ರು. ಆ ಅರ್ಧ ಗಂಟೆ ನನಗೆ ವಾಪಸ್ ಬೇಕು. ಇನ್ನೇನೂ ಬೇಡ."

ಬಣ್ಣದಕ್ಕ ಕೆನ್ನೆಯ ಮೇಲೆ ಉಳಿದಿದ್ದ ಕೊನೆಯ ಚೂರನ್ನು ಒರೆಸಿ ತೆಗೆದಳು, ಈ ಸಲ ಗದರದೆ.

ಮಂಗಳವಾರ ಅವಳು ಗೊತ್ತಿದ್ದ ಉಪಾಯಗಳನ್ನೆಲ್ಲ ಪ್ರಯೋಗಿಸಿದಳು. ಬಣ್ಣ ನಿಲ್ಲುವುದಿಲ್ಲವೇ? ಇನ್ನಷ್ಟು ದಪ್ಪ ಹಚ್ಚು. ಆಗಲೂ ನಿಲ್ಲುವುದಿಲ್ಲವೇ? ಮೇಲೆ ಇನ್ನಷ್ಟು ಪೌಡರು ಬಡಿ. ಅರ್ಧ ಗಂಟೆಯಲ್ಲಿ ಆ ಕೆನ್ನೆ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು. ಏಳು ಗಂಟೆಯವಳು ಎದ್ದು ಮುಖ ತೊಳೆಯಲು ಹೋದಳು. ಬಣ್ಣದಕ್ಕ ಭೂತಗನ್ನಡಿ ಹಿಡಿದು ಬಾಟಲಿಯ ಹಿಂದಿನ ಇರುವೆ ಸಾಲಿನಂಥ ಅಕ್ಷರಗಳನ್ನು ಓದಲು ಕೂತಳು. ಮೊದಲನೆಯ ಹೆಸರೇ ನೀರು. ಅಂದಮೇಲೆ ಇದು ನೀರಿನ ಫೌಂಡೇಶನ್. ಅದರ ಕೆಳಗೆ ತಾನು ಹಚ್ಚುವ ಪ್ರೈಮರೂ ನೀರಿನದೇ, ಸ್ಪಂಜೂ ನೀರಿನಲ್ಲಿ ಅದ್ದಿದ್ದೇ. ಮೂರೂ ನೀರು ನೀರು ಸೇರಿ ಅಣ್ಣತಮ್ಮಂದಿರ ಹಾಗೆ ಇರಬೇಕಿತ್ತಲ್ಲ, ಯಾಕೆ ಹೀಗೆ ಕಿತ್ತಾಡುತ್ತಿವೆ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಗಂಡ. ಅವನೂ ಬಣ್ಣದವನೇ, ಇವಳು ಮುಖಕ್ಕೆ, ಅವನು ಗೋಡೆಗೆ. ಆದರೆ ಅವಳ ಮುಖಕ್ಕೆ ಯಾವತ್ತೂ ಬಣ್ಣ ಇರಲಿಲ್ಲ, ಅವರ ಮನೆಯ ಗೋಡೆಗೂ ಇರಲಿಲ್ಲ. ಮಂಡಿನೋವು ಬಂದ ಮೇಲೆ ಅವನು ಏಣಿ ಹತ್ತುವುದನ್ನು ಬಿಟ್ಟು, ಬಾಗಿಲು ಕಿಟಕಿಗಳ ಸಣ್ಣಪುಟ್ಟ ಕೆಲಸ ಮಾತ್ರ ಮಾಡುತ್ತಿದ್ದ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಗೋಡೆಯನ್ನು ಬೆರಳ ಗಿಣ್ಣಿನಿಂದ ಟಕಟಕ ಬಡಿದು ನೋಡುವುದು ಅವನ ಚಾಳಿ. ಮೂವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರನ್ನು ಕೇಳಿದವರಲ್ಲ. ಅವನು ಏನಾದರೂ ಹೇಳಲು ಹೊರಟರೆ ಅವಳು, "ನಿಮ್ಮ ಗೋಡೆ ಬೆವರುತ್ತಾ? ನಗುತ್ತಾ? ಸುಮ್ನಿರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಂದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅವಳೇ ಕಾರಿಕೊಂಡಳು. ಅವನು ಕೈಯಲ್ಲಿದ್ದ ಚಹಾ ಆರುವವರೆಗೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದ.

"ಕೆಳಗೆ ಏನಿದೆ?"

"ಕೆಳಗೆ ಏನಿರುತ್ತೆ? ಚರ್ಮ."

"ಅದು ಸರಿ ಕಣೇ. ಚರ್ಮದ ಮೇಲೆ, ನಿನ್ನ ಬಣ್ಣದ ಕೆಳಗೆ?"

"ನನ್ನ ಪ್ರೈಮರ್ ಬಿಟ್ರೆ ಏನೂ ಇಲ್ಲ. ಮುಖ ತೊಳ್ಕೊಂಡೇ ಬರ್ತಾರೆ ಎಲ್ಲರೂ."

"ತೊಳೆದ ಮೇಲೆ ಏನು ಹಚ್ಕೊಂಡ್ರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

"ಹಳೇ ಗೋಡೆ ಮುಟ್ಟೋ ಮುಂಚೆ ನಾನು ಮನೆಯವರನ್ನ ಕೇಳ್ತೀನಿ, ಇದಕ್ಕೆ ಮುಂಚೆ ಏನು ಹೊಡೆಸಿದ್ರಿ ಅಂತ" ಎಂದ ಅವನು. "ಸುಳ್ಳು ಹೇಳ್ತಾರೆ. ಸುಣ್ಣ ಹೊಡೆಸಿರ್ತಾರೆ, ಎಣ್ಣೆ ಬಣ್ಣ ಅಂತಾರೆ. ಅದಕ್ಕೇ ಒಂದು ಮೂಲೆ ಕೆರೆದು ನೋಡ್ತೀನಿ. ಬಾಟ್ಲಿ ತಂದಿದ್ಯಾ?"

ತಂದಿದ್ದಳು. ಅವನು ಬಾಟಲಿಯ ಹಿಂದಿನ ಅಕ್ಷರಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದು ಹಳೆಯ ಬ್ರಶ್ಶಿನ ತುದಿಗೆ ಎರಡು ಹನಿ ಫೌಂಡೇಶನ್ ತಗುಲಿಸಿ, ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸಿದ. ಬಣ್ಣ ನೀರಿನಲ್ಲಿ ಕರಗಲಿಲ್ಲ. ಪುಟ್ಟ ಪುಟ್ಟ ಮಣಿಗಳಾಗಿ ಒಂದಕ್ಕೊಂದು ಅಂಟಿಕೊಂಡು, ಸ್ವಲ್ಪ ತಳಕ್ಕೆ ಹೋಯಿತು, ಸ್ವಲ್ಪ ಬ್ರಶ್ಶಿಗೇ ಉಳಿಯಿತು.

"ಬ್ರಶ್ಶು ಯಾವುದ್ರಲ್ಲಿ ತೊಳೆಯುತ್ತೆ ಅನ್ನೋದರ ಮೇಲೆ ನಾವು ಬಣ್ಣದ ಜಾತಿ ಹೇಳೋದು. ನೀರಿನ ಬಣ್ಣ ಆಗಿದ್ರೆ ಈ ಲೋಟ ಹಾಲಿನ ಹಾಗೆ ಆಗಬೇಕಿತ್ತು. ಇದು ನೀರಿನ ಬಣ್ಣ ಅಲ್ಲ."

"ಮೊದಲನೇ ಹೆಸರೇ ನೀರು ಅಂತ ಬರೆದಿದಾರಲ್ಲ ರೀ!"

"ಒಳಗೆ ನೀರು ಇರಬಹುದು, ಜಾಸ್ತಿನೇ ಇರಬಹುದು. ಆದ್ರೆ ಆ ನೀರನ್ನ ಇನ್ನೇನೋ ಸುತ್ಕೊಂಡಿದೆ. ಹೊರಗೆ ಯಾವುದಿದೆಯೋ ಅದೇ ಪಕ್ಕದವರ ಜೊತೆ ವ್ಯವಹಾರ ಮಾಡೋದು. ಎರಡನೇ ಹೆಸರು ಓದು."

ಅವಳು ಭೂತಗನ್ನಡಿ ತೆಗೆದಳು. ಎರಡನೆಯದು, ಮೂರನೆಯದು, ಐದನೆಯದು ಎಲ್ಲ ಉದ್ದುದ್ದ ಹೆಸರುಗಳು, ನಾಲಿಗೆ ಹೊರಳುವಂತಿರಲಿಲ್ಲ. ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಗೆ ಫೋನು ಹಚ್ಚಿ ಒಂದೊಂದೇ ಅಕ್ಷರ ಓದಿ ಹೇಳಿದಳು. "ಎಲ್ಲಾ ಸಿಲಿಕೋನ್ ಕಣೇ ಅಕ್ಕ. ಮುಖ ನುಣ್ಣಗೆ ಕಾಣಲಿ ಅಂತ ಹಾಕ್ತಾರೆ. ಯಾಕೆ?" ಎಂದಳು ತಂಗಿ.

ಸಿಲಿಕೋನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗಂಡ ನೆಟ್ಟಗೆ ಕೂತ. "ಕಿಟಕಿ ಸಂದಿಗೆ ತುಂಬ್ತಾರಲ್ಲ, ಅದರ ಅಣ್ಣತಮ್ಮನಾ? ಅಯ್ಯೋ, ಅದು ಮಹಾ ಕಿರಿಕಿರಿ. ಅದರ ಮೇಲೆ ನೀರಿನ ಬಣ್ಣ ಕೂರೋದೇ ಇಲ್ಲ. ಒಂದು ಮನೇಲಿ ಗೊತ್ತಿಲ್ಲದೆ ಹೊಡೆದು ಹನ್ನೆರಡು ಕಿಟಕಿ ಹಾಳು ಮಾಡಿದ್ದೆ. ನಿನಗೆ ಹೇಳಿರಲಿಲ್ಲ."

"ಯಾವಾಗ?"

"ಮದುವೆ ಆದ ವರ್ಷ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು.

ಬುಧವಾರ ಏಳು ಗಂಟೆಯವಳು ಬಂದು ಕುರ್ಚಿಯಲ್ಲಿ ಕೂತಾಗ ಬಣ್ಣದಕ್ಕ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಬಾಗಿಲು ಮುಂದೆ ಮಾಡಿ, ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ತನ್ನ ಕೈಲಾದಷ್ಟು ಮೆತ್ತಗೆ ಕೇಳಿದಳು: "ಮುಖ ತೊಳೆದ ಮೇಲೆ ಏನು ಹಚ್ಕೊತೀಯಾ?"

ಏಳು ಗಂಟೆಯವಳ ಮುಖ ಬಿಳಿಚಿತು. ಸ್ವಲ್ಪ ಹೊತ್ತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದು, ಕೊನೆಗೆ ಒಳಗಿನಿಂದ ಒಂದು ಸಣ್ಣ ಟ್ಯೂಬು ತೆಗೆದು ಕೊಟ್ಟಳು. ಕಲೆ ಮೆತ್ತಗಾಗಲೆಂದು ಡಾಕ್ಟರು ಕೊಟ್ಟ ಜೆಲ್. ಬೆಳಿಗ್ಗೆ ಸಂಜೆ ತೆಳ್ಳಗೆ ಹಚ್ಚಬೇಕು, ಒಂದು ದಿನವೂ ತಪ್ಪಿಸಬಾರದು ಎಂದಿದ್ದರಂತೆ. ಬಣ್ಣದಕ್ಕ ಟ್ಯೂಬಿನ ಹಿಂದೆ ನೋಡಿದಳು. ಒಂದೇ ಒಂದು ಸಾಲು, ಅದರಲ್ಲೂ ಸಿಲಿಕೋನ್.

"ತೆಳ್ಳಗೆ ಹಚ್ಚಿದ್ಯಾ?"

"ಇಲ್ಲ" ಎಂದಳು ಏಳು ಗಂಟೆಯವಳು. "ಸೋಮವಾರ ಬಚ್ಚಲಮನೇಲಿ ಮೂರು ಸಲ ಹಚ್ಚಿದೆ. ದಪ್ಪಗೆ. ಮೆತ್ತಗಾದ್ರೆ ಕಡಿಮೆ ಕಾಣುತ್ತೇನೋ ಅನ್ನೋ ಆಸೆ. ಹೇಳಿದ್ರೆ ಬೈತೀರಿ ಅಂತ ಹೇಳಲಿಲ್ಲ."

ಖಂಡಿತ ಬೈಯುತ್ತಿದ್ದಳು. ಅದು ಬಣ್ಣದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಮೇಲೆ ಹಾಗೆ ಬೋರ್ಡು ಬರೆದು ಅಂಟಿಸಿದವಳು ತಾನೇ. ಇದನ್ನು ನೋಡಿದ ಮೇಲೆ ಯಾರು ತಾನೆ ನಿಜ ಹೇಳಿಯಾರು? ಎಷ್ಟು ಜನ ಹೀಗೆ ಏನೇನು ಹಚ್ಚಿಕೊಂಡು ಬಂದು, ಹೆದರಿ ಸುಮ್ಮನೆ ಕೂತಿದ್ದರೋ! ಅವಳಿಗೆ ನಾಚಿಕೆಯಾಯಿತು. ಒಳ್ಳೆಯ ನಾಚಿಕೆ, ಕಿವಿಯವರೆಗೂ ಬಿಸಿಯಾಗುವಂಥದ್ದು.

"ಬೈಯಲ್ಲ ಕಣೇ. ತಪ್ಪು ನಂದೇ. ಈ ಟ್ಯೂಬು ಒಂದು ದಿನ ನನ್ನ ಹತ್ರ ಇರಲಿ, ಮನೇಲಿ ಇನ್ನೊಂದು ಇದೆ ತಾನೆ?" ಎಂದಳು.

ಅಂದು ಸಂಜೆ ಆ ಮನೆಯ ಊಟದ ಮೇಜಿನ ಮೇಲೆ ಗಂಡ ಎರಡೂ ತೋಳುಗಳನ್ನು ಮೊಣಕೈವರೆಗೆ ಬರಿದು ಮಾಡಿ ಚಾಚಿ ಕೂತ. ಬಣ್ಣದಕ್ಕ ಹುಬ್ಬು ಬರೆಯುವ ಪೆನ್ಸಿಲಿನಿಂದ ಅವನ ತೋಳಿನ ಮೇಲೆ ಗೆರೆ ಎಳೆದು ಐದು ಮನೆ ಮಾಡಿ ನಂಬರು ಹಾಕಿದಳು. ಒಂದನೆಯ ಮನೆಗೆ ದಪ್ಪ ಜೆಲ್, ಕೂಡಲೇ ಫೌಂಡೇಶನ್. ಎರಡಕ್ಕೆ ತೆಳು ಜೆಲ್, ಕೂಡಲೇ ಫೌಂಡೇಶನ್. ಮೂರಕ್ಕೆ ತೆಳು ಜೆಲ್, ಒಣಗಿದ ಮೇಲೆ ಅವಳ ಮಾಮೂಲಿ ನೀರಿನ ಪ್ರೈಮರ್, ಆಮೇಲೆ ಫೌಂಡೇಶನ್. ನಾಲ್ಕಕ್ಕೆ ತೆಳು ಜೆಲ್ ಒಣಗಿಸಿ, ಪ್ರೈಮರ್ ಇಲ್ಲದೆ, ಒದ್ದೆ ಸ್ಪಂಜಿನಲ್ಲಿ ಫೌಂಡೇಶನ್. ಐದಕ್ಕೂ ಹಾಗೇ, ಆದರೆ ಸ್ಪಂಜಿಲ್ಲದೆ, ಬರಿಯ ಬೆರಳಿನಲ್ಲಿ ಒತ್ತಿ. ಫ್ಲೋರಿನ ದೀಪಗಳ ಬದಲು ಮೇಜಿನ ದೀಪವನ್ನು ಬಗ್ಗಿಸಿ ತೋಳಿನ ಮೇಲೆ ಇಟ್ಟಳು.

"ಮೂಗು ತುರಿಸ್ತಿದೆ" ಎಂದ ಗಂಡ.

"ಅಲ್ಲಾಡಿದ್ರೆ ನೋಡಿ!"

"ಗೋಡೆ ಬೆವರುತ್ತಾ ಅಂತ ಕೇಳ್ತಿದ್ಯಲ್ಲ, ಈಗ ಬೆವರ್ತಿದೆ ನೋಡು."

ಅವಳೇ ಅವನ ಮೂಗು ತುರಿಸಿದಳು. ಅರ್ಧ ಗಂಟೆಯಾದ ಮೇಲೆ ಒಂದೊಂದು ಮನೆಯನ್ನೂ ಬೆರಳಿನಿಂದ ಸವರಿ ನೋಡಿದಳು. ಒಂದನೆಯದು ಸುರುಳಿಯಾಗಿ ಎದ್ದು ಬಂತು, ಸೋಮವಾರದ ಹಾಗೆಯೇ. ಎರಡನೆಯದು ಜಾರಿತು. ಮೂರಂತೂ ಕೆಟ್ಟ ಮಜ್ಜಿಗೆಯ ಹಾಗೆ ಒಡೆದುಹೋಯಿತು. ಎರಡು ಸಿಲಿಕೋನಿನ ನಡುವೆ ಅವಳ ನೀರಿನ ಪ್ರೈಮರ್ ಹೋಗಿ ಕೂತು ಎರಡನ್ನೂ ಎಬ್ಬಿಸಿತ್ತು. ನಾಲ್ಕರಲ್ಲಿ ಒದ್ದೆ ಸ್ಪಂಜು ಕೆಳಗಿನ ಪೊರೆಯನ್ನೇ ಕಿತ್ತಿತ್ತು. ಇಪ್ಪತ್ತಾರು ವರ್ಷ ಅವಳು ಯಾವುದನ್ನು ಕೈಚಳಕ ಎಂದುಕೊಂಡಿದ್ದಳೋ, ಆ ಪ್ರೈಮರ್, ಆ ಸ್ಪಂಜು, ಎರಡೂ ಈ ಕೆನ್ನೆಗೆ ಶತ್ರುಗಳು. ಐದನೆಯದು ಮಾತ್ರ ಅಲ್ಲಾಡಲಿಲ್ಲ. ಅವಳು ಸವರಿದಳು, ಉಜ್ಜಿದಳು. ಬಣ್ಣ ಬೆರಳಿಗೂ ಬರಲಿಲ್ಲ.

"ಒಳ್ಳೆ ಜೋಡಿ" ಎಂದ ಗಂಡ, ತೋಳನ್ನು ದೀಪಕ್ಕೆ ಹಿಡಿದು. "ಸಿಲಿಕೋನ್ ಮೇಲೆ ಸಿಲಿಕೋನ್. ಆದ್ರೆ ಒಣಗೋಕೆ ಬಿಡಬೇಕು."

ಬಣ್ಣದಕ್ಕ ಲೆಕ್ಕ ಹಾಕಿದಳು. ತೆಳು ಜೆಲ್, ಎಂಟು ನಿಮಿಷ. ಒಂದು ತೆಳು ಕೋಟು, ಆರು ನಿಮಿಷ. ಇನ್ನೊಂದು ತೆಳು ಕೋಟು, ಮತ್ತೆ ಆರು. ಪೌಡರನ್ನು ಸವರದೆ ಬರಿಯ ಒತ್ತುವುದಕ್ಕೆ ಐದು. ಆಮೇಲೆ ಉಳಿದ ಮುಖ. "ಮೂವತ್ತೈದು ನಿಮಿಷ ರೀ! ಸ್ಟುಡಿಯೋದಲ್ಲಿ ನನ್ನ ಮರ್ಯಾದೆ ಏನಾಗಬೇಕು?"

"ನಿನ್ನ ಮರ್ಯಾದೆ ಕೇಳಿ ಒಣಗಲ್ಲ ಕಣೇ ಅದು" ಎಂದು ಅವನು ತೋಳು ತೊಳೆಯಲು ಎದ್ದ. ನೀರಿನಲ್ಲಿ ಎಷ್ಟು ತೊಳೆದರೂ ಐದನೆಯ ಮನೆ ಹೋಗಲಿಲ್ಲ.

ಗುರುವಾರ ಏಳು ಗಂಟೆಯವಳ ಕೆನ್ನೆಯ ಮೇಲೆ ಅದನ್ನೇ ಮಾಡಿ ನೋಡಿದರು. ಕಪ್ಪು ಅಂಚು ಹೋಯಿತು, ಗುಲಾಬಿ ಹೋಯಿತು. ಒಂದು ಗಂಟೆ ದೀಪದ ಕೆಳಗೆ ಕೂರಿಸಿದರೂ ಒಂದು ಗೆರೆ ಬೀಳಲಿಲ್ಲ. ಏಳು ಗಂಟೆಯವಳು ಜೋರಾಗಿ ಒಂದು ಪುಟ ಓದಿದಳು, ಬಾಯಿ ಅಗಲಿಸಿ ಆಕಳಿಸಿದಳು, ನಕ್ಕಳು. ಆದರೆ ಪಕ್ಕದಿಂದ ಬೆಳಕು ಬಿದ್ದಾಗ ದವಡೆಯ ಹತ್ತಿರದ ಉಬ್ಬಿಗೆ ಒಂದು ಸಣ್ಣ ನೆರಳು ಬೀಳುತ್ತಿತ್ತು. ಅದು ಹಾಗೇ ಉಳಿಯಿತು.

"ಅದನ್ನ ಮುಚ್ಚೋಕೆ ಆಗಲ್ವಾ?" ಎಂದಳು ಅವಳು.

ಆಗುತ್ತದೆ ಎಂದುಬಿಡಬೇಕೆಂದು ಬಣ್ಣದಕ್ಕನಿಗೆ ತುಂಬ ಆಸೆಯಾಯಿತು. ಒಂದು ವಾರದ ಹಿಂದಾಗಿದ್ದರೆ ಹೇಳಿಯೂ ಬಿಡುತ್ತಿದ್ದಳು. "ಆಗಲ್ಲ. ಇದು ಬಣ್ಣ ಸರಿ ಮಾಡುತ್ತೆ, ಆಕಾರ ಸರಿ ಮಾಡಲ್ಲ. ದಪ್ಪ ಹಚ್ಚಿದಷ್ಟೂ ಬಿರುಕು. ನಿನಗೆ ಸುಳ್ಳು ಹೇಳಲಾ?"

ಏಳು ಗಂಟೆಯವಳು ಕನ್ನಡಿಯಲ್ಲಿ ಆ ನೆರಳನ್ನು ಬಹಳ ಹೊತ್ತು ನೋಡಿದಳು. "ಬೇಡ. ನಾಳೆ ನೋಡೋಣ" ಎಂದಳು. ಅವಳ ದನಿ ಇಳಿದಿತ್ತು.

ಶುಕ್ರವಾರ ಪರೀಕ್ಷೆ ಇದ್ದದ್ದು ಮೂರೂವರೆಗೆ. ಬಣ್ಣದಕ್ಕ ಎರಡೂಮುಕ್ಕಾಲಿಗೇ ಬಾಗಿಲು ಹಾಕಿಕೊಂಡಳು. ಮೊದಲ ಬಾರಿಗೆ ತಾನೇ ಜೆಲ್ಲನ್ನು ಬೆರಳಿಗೆ ತೆಗೆದುಕೊಂಡು ಕಲೆಯ ಮೇಲೆ ಹಚ್ಚಿದಳು. ಇಷ್ಟು ದಿನ ಸ್ಪಂಜಿನಲ್ಲಿ ಮುಟ್ಟಿದ್ದೇ ಹೊರತು ಕೈಯಲ್ಲಿ ಮುಟ್ಟಿರಲಿಲ್ಲ. ಚರ್ಮ ಅಲ್ಲಿ ನುಣುಪಾಗಿತ್ತು, ಸ್ವಲ್ಪ ಬಿಗಿಯಾಗಿತ್ತು, ಎಲ್ಲರ ಚರ್ಮದ ಹಾಗೇ ಬೆಚ್ಚಗಿತ್ತು. ಏಳು ಗಂಟೆಯವಳು ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಎಂಟು ನಿಮಿಷ ಏನೂ ಮಾಡದೆ ಕೂತರು. ಬಣ್ಣದಕ್ಕನಿಗೆ ಇಡೀ ವೃತ್ತಿಯಲ್ಲಿ ಅಷ್ಟು ಉದ್ದದ ಎಂಟು ನಿಮಿಷ ಬಂದಿರಲಿಲ್ಲ.

ಮೊದಲ ಕೋಟು ಒಣಗುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಫ್ಲೋರ್ ಮ್ಯಾನೇಜರ್, ಮೀಸೆಯ ದೊಡ್ಡ ಮನುಷ್ಯ, ತಲೆ ಒಳಗೆ ತೂರಿಸಿದ. "ಸಾಹೇಬ್ರಿಗೆ ಬೇರೆ ಮೀಟಿಂಗ್ ಬಂದಿದೆ. ಈಗಲೇ ಬರಬೇಕಂತೆ. ಹನ್ನೊಂದು ನಿಮಿಷ ಸಾಕಲ್ಲ ನಿಮಗೆ, ಅಕ್ಕ?"

"ಸಾಕಾಗಲ್ಲ."

"ಏನು?"

"ಸಾಕಾಗಲ್ಲ ಅಂದೆ. ಒಣಗ್ತಿದೆ. ಇನ್ನೂ ಇಪ್ಪತ್ತೆರಡು ನಿಮಿಷ ಬೇಕು. ಸಾಹೇಬರು ಕಾಯಲಿ, ಇಲ್ಲಾಂದ್ರೆ ಮೀಟಿಂಗ್ ಮುಗಿಸಿ ಬರಲಿ. ಬಾಗಿಲು ಹಾಕ್ಕೊಳ್ಳಿ, ಗಾಳಿ ಬರ್ತಿದೆ."

ಅವನು ತನ್ನ ಕಿವಿಯನ್ನೇ ನಂಬದವನಂತೆ ಒಂದು ಕ್ಷಣ ನಿಂತು ಹೋದ. ಎರಡು ನಿಮಿಷದಲ್ಲಿ ಬಣ್ಣದಕ್ಕನಿಗೆ ವಯಸ್ಸಾಯಿತು ಎಂಬ ಸುದ್ದಿ ಇಡೀ ಕಾರಿಡಾರಿಗೆ ಹಬ್ಬಿತ್ತು. ಅವಳಿಗೆ ಕೇಳಿಸಿತು. ಕೇಳಿಸಿದ್ದನ್ನು ನುಂಗಿಕೊಂಡು ಗಡಿಯಾರ ನೋಡುತ್ತ ಕೂತಳು.

ಮುಖ್ಯಸ್ಥರು ಕಾದಿದ್ದರು. ಖುಷಿಯಿಂದಲ್ಲ. ಏಳು ಗಂಟೆಯವಳು ಮೇಜಿನ ಹಿಂದೆ ಕೂತು, ದೀಪಗಳು ಹೊತ್ತಿಕೊಂಡ ಮೇಲೆ ಅವರು ಕಂಟ್ರೋಲ್ ರೂಮಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಬಣ್ಣದಕ್ಕ ಅವರ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಬಣ್ಣ ಚೆನ್ನಾಗಿ ಕೂತಿದೆ" ಎಂದರು ಅವರು. "ಆದ್ರೆ ಇಲ್ಲಿ ನೋಡಿ, ದವಡೆ ಹತ್ರ. ಉಬ್ಬು ಕಾಣಿಸ್ತಿದೆ. ಇನ್ನೊಂದು ಕೋಟು ಹಾಕಿ."

"ಹಾಕಲ್ಲ ಸಾರ್."

ಕೋಣೆಯಲ್ಲಿದ್ದ ನಾಲ್ಕು ಜನವೂ ತಿರುಗಿ ನೋಡಿದರು. ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು.

"ಇನ್ನೊಂದು ಹಾಕಿದ್ರೆ ಸೋಮವಾರದ ಕತೆಯೇ ಆಗುತ್ತೆ" ಎಂದಳು ಬಣ್ಣದಕ್ಕ. "ಇದಕ್ಕಿಂತ ಜಾಸ್ತಿ ಯಾರು ಹಾಕಿದ್ರೂ ಒಡೆಯುತ್ತೆ. ಆ ಉಬ್ಬು ಇರುತ್ತೆ ಸಾರ್, ಅದು ಅವಳ ಮುಖ. ನೀವು ಅರ್ಧ ನಿಮಿಷ ನೋಡಿ ಹೇಳಬೇಡಿ. ಜನ ನೋಡೋ ಹಾಗೆ ಒಂದು ಪೂರ್ತಿ ವಾರ್ತೆ ನೋಡಿ. ಆಮೇಲೆ ಧ್ವನಿ ಕೋಣೆಗಾದ್ರೂ ಹಾಕಿ, ನನ್ನನ್ನ ಮನೆಗಾದ್ರೂ ಕಳಿಸಿ."

ಮುಖ್ಯಸ್ಥರು ಗಡಿಯಾರ ನೋಡಿದರು, ಪರದೆ ನೋಡಿದರು, ಕುರ್ಚಿ ಎಳೆದು ಕೂತರು. "ಈ ಹೊತ್ತಿನ ವಾರ್ತೆ ಕೊಡಿ ಅವಳ ಕೈಗೆ. ಹಳೇದು ಬೇಡ. ಈಗ ಬಂದಿರೋದು ಕೊಡಿ."

ಏಳು ಗಂಟೆಯವಳು ಇನ್ನೂ ಬಿಸಿಯಾಗಿದ್ದ ಹಾಳೆಗಳನ್ನು ಒಮ್ಮೆ ಜೋಡಿಸಿಕೊಂಡು ಓದತೊಡಗಿದಳು. ಒಂದು ಸೇತುವೆ, ಒಂದು ಶಾಲೆ, ಎಲ್ಲೋ ಬೆಂಕಿ ಆರಿದ್ದು. ಮೊದಮೊದಲು ಅವಳ ಎಡಗೆನ್ನೆ ಸ್ವಲ್ಪ ಒಳಗೆ ಸರಿದಂತಿತ್ತು. ಕ್ಯಾಮೆರಾಕ್ಕೆ ಸಿಗದ ಹಾಗೆ ತಲೆಯನ್ನು ಅತ್ತ ಓರೆ ಮಾಡಿದ್ದಳು. ಐದನೆಯ ಸುದ್ದಿಗೆ ಬಂದಾಗ ಓರೆ ಮಾಡುವುದನ್ನು ಮರೆತಳು. ಬೆಳಗಿನಿಂದ ಕಾಣೆಯಾಗಿದ್ದ ಒಂದು ದೋಣಿಯ ಸುದ್ದಿ. ಹದಿನೆಂಟು ಜನ. ಮಂಜಿನಲ್ಲಿ ದಾರಿ ತಪ್ಪಿದ್ದು, ಹುಡುಕಲು ಹೋದವರೂ ಎರಡು ಸಲ ಬರಿಗೈಯಲ್ಲಿ ಹಿಂತಿರುಗಿದ್ದು, ಕೊನೆಗೆ ಯಾರೋ ತಟ್ಟೆ ಬಡಿಯುವ ಸದ್ದು ಕೇಳಿಸಿದ್ದು. ಅವಳು ಅದನ್ನು ಅವಸರ ಮಾಡದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎದುರಿಗಿರುವ ಒಬ್ಬರಿಗೆ ಹೇಳುವ ಹಾಗೆ ಓದಿದಳು. ಪಕ್ಕದ ಕ್ಯಾಮೆರಾ ಕಡೆ ತಿರುಗಿದಳು. ದೀಪ ನೇರವಾಗಿ ದವಡೆಯ ಮೇಲೆ ಬಿತ್ತು. ಒಂದು ಚೂರೂ ಏಳಲಿಲ್ಲ.

ಬಣ್ಣದಕ್ಕ ಕೆನ್ನೆಯನ್ನೇ ನೋಡುತ್ತಿದ್ದಳು. ಅದು ಅವಳ ಕೆಲಸ. ವಾರ್ತೆ ಮುಗಿದು ದೀಪಗಳು ಆರಿದಾಗಲೇ ಅವಳು ಮುಖ್ಯಸ್ಥರ ಕಡೆ ತಿರುಗಿದ್ದು. ಅವರು ಕುರ್ಚಿಯ ತುದಿಗೆ ಬಂದು, ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದರು.

"ಸಾರ್, ಹೇಗಿತ್ತು ಕೆನ್ನೆ?" ಎಂದು ಕೇಳಿದ ಫ್ಲೋರ್ ಮ್ಯಾನೇಜರ್.

"ಆ?" ಎಂದರು ಮುಖ್ಯಸ್ಥರು. ಮುಂದಿದ್ದ ಮೈಕಿನ ಗುಂಡಿ ಒತ್ತಿ, ಫ್ಲೋರಿನಲ್ಲಿ ಹಾಳೆ ಜೋಡಿಸುತ್ತಿದ್ದವಳನ್ನು ಕೇಳಿದರು. "ಅಲ್ಲಮ್ಮ, ಆ ದೋಣಿಯವರು, ಯಾರಿಗೂ ಏನೂ ಆಗಿಲ್ಲ ತಾನೆ?"

"ಇಲ್ಲ ಸಾರ್. ಹದಿನೆಂಟೂ ಜನ ಕ್ಷೇಮ."

"ಸದ್ಯ!" ಎಂದು ಅವರು ಉಸಿರು ಬಿಟ್ಟರು. ಆಮೇಲೆ ತಾವು ಏನು ನೋಡಲು ಕೂತಿದ್ದೆವು ಎಂಬುದು ನೆನಪಾಗಿ, ಕಪ್ಪಾಗಿದ್ದ ಪರದೆಯನ್ನೊಮ್ಮೆ, ಬಣ್ಣದಕ್ಕನನ್ನೊಮ್ಮೆ ನೋಡಿದರು. "ಕೆನ್ನೆ ನೋಡೋದೇ ಬಿಟ್ಟುಹೋಯ್ತಲ್ರೀ" ಎಂದರು, ಪೆಚ್ಚಾಗಿ.

ಮೈಕಿನ ಗುಂಡಿಯಿಂದ ಅವರು ಬೆರಳು ತೆಗೆದಿರಲಿಲ್ಲ. ಕಂಟ್ರೋಲ್ ರೂಮಿನ ಗಾಜಿನ ಆಚೆ ಏಳು ಗಂಟೆಯವಳ ಕೈ ಹಾಳೆಗಳ ಮೇಲೆ ಹಾಗೇ ನಿಂತಿತು. ಅವಳು ತಲೆಯೆತ್ತಿ ನೋಡಿದಳು. ಅವಳಿಗೆ ಎಲ್ಲ ಕೇಳಿಸಿತ್ತು.